ಜನರಲ್ ಹಾಲ್‌ಕಂಬ್ ಸುಡದ ಜೋಳ

ಬಕ್‌ನರ್ ಕಡವು, ಕೆಂಟಕಿ
1831 ಜನವರಿ 6

ಘನತೆವೆತ್ತ ಜನರಲ್ ಎಫ್ರೇಮ್ ಹಾಲ್‌ಕಂಬ್ ಅವರಿಗೆ, ಅರ್ಥಾತ್ ನಮ್ಮ ದೊಡ್ಡಪ್ಪನಿಗೆ,

ಈ ಕಾಗದವನ್ನು ತಾವು ಎದ್ದು ನಿಂತು, ಟೋಪಿ ತೆಗೆದು ಓದತಕ್ಕದ್ದು. ಏಕೆಂದರೆ ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ, ದೊಡ್ಡಮ್ಮ ಹಿತ್ತಲಲ್ಲಿ ಸೋಪು ಕುದಿಸುತ್ತಿದ್ದ ಶುಭ ಗಳಿಗೆಯಲ್ಲಿ, ತಮ್ಮ ಜೀವನಚರಿತ್ರೆಯ ಮೊದಲ ವಾಕ್ಯವನ್ನು ಬರೆದಿದ್ದೇನೆ. ಅದು ಹೀಗಿದೆ: ‘ಮಹಾಪುರುಷರು ಹುಟ್ಟುವಾಗ ಗುಡುಗುತ್ತದೆ, ನಮ್ಮ ಜನರಲ್ ಹುಟ್ಟಿದಾಗ ಗುಡುಗೇ ಹೆದರಿ ಸುಮ್ಮನಾಯಿತು.’

ದೊಡ್ಡಮ್ಮನಿಗೆ ಓದಿ ಹೇಳಿದೆ. “ಅವರು ಹುಟ್ಟಿದಾಗ ಅವರಮ್ಮನಿಗೆ ಹಲ್ಲುನೋವು ಇತ್ತಂತೆ. ನಂಗೊತ್ತಿರೋದು ಇಷ್ಟೇ” ಅಂದರು.

ನಗಬೇಡಿ, ಸಂಗತಿ ಗಂಭೀರವಾಗಿದೆ. ಆಗಸ್ಟಿನ ಕಾಂಗ್ರೆಸ್ ಸಭೆಯ ಚುನಾವಣೆಗೆ ನಿಮ್ಮೆದುರು ನಿಂತಿರುವ ಕರ್ನಲ್ ಥ್ಯಾಡಿಯಸ್ ಮಪಿನ್ ಆಗಲೇ ನಲವತ್ತು ಪುಟದ ಜೀವನಚರಿತ್ರೆ ಅಚ್ಚು ಹಾಕಿಸಿ ಹಂಚುತ್ತಿದ್ದಾನೆ. ಅದರಲ್ಲಿ ಅವನು ಹನ್ನೊಂದು ಕರಡಿ ಕೊಂದಿದ್ದಾನೆ. ಹನ್ನೊಂದನೆಯದು ತಾನಾಗಿಯೇ ಬಂದು ಶರಣಾಯಿತಂತೆ. ಈ ನಡುವೆ, ಕರ್ನಲ್ಲರ ಹುಂಜವನ್ನು ನಮ್ಮ ಕೌಂಟಿಯ ನ್ಯಾಯಾಧೀಶನನ್ನಾಗಿ ನೇಮಿಸಿದ ಆಜ್ಞಾಪತ್ರವೊಂದು ಮೊಹರಿನ ಸಮೇತ ಕೋರ್ಟಿನ ಬಾಗಿಲಿಗೆ ಅಂಟಿಕೊಂಡಿತ್ತು. ಯಾರ ಕೆಲಸವೋ ತಿಳಿಯದು. ಅಕ್ಷರ ಮಾತ್ರ ಬಹಳ ಮುದ್ದಾಗಿತ್ತು ಎಂದು ಊರಿನವರ ಅಭಿಪ್ರಾಯ.

ಈಗ ಕೆಲಸದ ಮಾತು. ನಿಮ್ಮ ಪೆಟ್ಟಿಗೆಯನ್ನೆಲ್ಲ ಜಾಲಾಡಿದೆ. ಬ್ರಿಟಿಷರ ಮೇಲಿನ ಯುದ್ಧಕ್ಕೆ ಹದಿನೇಳು ಕಾಗದ ಸಿಕ್ಕವು. ಆದರೆ ನಲವತ್ತು ವರ್ಷದ ಹಿಂದಿನ, ತೊಂಬತ್ತೊಂದನೇ ಇಸವಿಯ ಶರತ್ಕಾಲಕ್ಕೆ ಒಂದು ಚೀಟಿಯೂ ಇಲ್ಲ. ಇಪ್ಪತ್ತು ವರ್ಷದ ನೀವು ಕ್ಯಾಪ್ಟನ್ ಆಗಿ, ಒಹಾಯೊ ನದಿ ದಾಟಿ, ಶಾವ್ನೀ ಬುಡಕಟ್ಟಿನ ಜನರ ಊರಿನ ಮೇಲೆ ಹೋದದ್ದು ಎಲ್ಲರಿಗೂ ಗೊತ್ತು. ಅಲ್ಲಿ ನಡೆದದ್ದೇನು? ದೊಡ್ಡಮ್ಮನನ್ನು ಕೇಳಿದರೆ ಸೋಪಿನ ಹೊಗೆ ಕಣ್ಣಿಗೆ ಹೋಯಿತು ಎನ್ನುತ್ತಾರೆ.

ತಮ್ಮ ವಿಧೇಯ ಚರಿತ್ರಕಾರ,
ಲೆಮ್ಯುಯೆಲ್

*

ವಾಷಿಂಗ್ಟನ್
ಜನವರಿ 24

ಲೆಮ್,

ಕಾಗದ ಬಂತು. ಕೂತೇ ಓದಿದೆ. ಕಾಲು ನೋವು.

ಹುಟ್ಟಿದ ಇಸವಿ ನಿನಗೆ ಗೊತ್ತು. ಬ್ರಿಟಿಷರ ಯುದ್ಧದಲ್ಲಿ ಗುಂಡು ತಗುಲಿದ್ದು ಎಡ ತೊಡೆಗೆ. ಬಲಕ್ಕೆ ಎಂದು ಬರೆಯಬೇಡ, ಮಪಿನ್ ಅದನ್ನೂ ಹಿಡಿಯುತ್ತಾನೆ. ಸೇತುವೆ ಕಟ್ಟಿಸಿದ್ದು ಎರಡು, ಒಂದು ಬಿತ್ತು. ಬಿದ್ದದ್ದನ್ನೂ ಬರೆ.

ತೊಂಬತ್ತೊಂದರ ಶರತ್ಕಾಲಕ್ಕೆ: ಹೋದೆವು, ಬಂದೆವು. ಇಷ್ಟೇ ಬರೆ.

ಮೇಜಿನ ಖಾನೆಯಲ್ಲಿ ನಾನು ಸಹಿ ಮಾಡಿಟ್ಟು ಬಂದ ಖಾಲಿ ಲಕೋಟೆಗಳಿವೆ. ಸಭೆಯ ಸದಸ್ಯನ ಸಹಿ ಇದ್ದರೆ ಅಂಚೆಯವರು ದುಡ್ಡು ಕೇಳುವುದಿಲ್ಲ. ಅವು ಜನರ ಅರ್ಜಿಗಳಿಗೆ ಉತ್ತರ ಕಳಿಸಲಿಕ್ಕೆ, ನಿನ್ನ ದೊಡ್ಡಮ್ಮ ತನ್ನ ತಂಗಿಗೆ ಬರೆಯಲಿಕ್ಕೆ. ಹುಂಜಗಳ ನೇಮಕಕ್ಕಲ್ಲ.

ಕಂದು ಕುದುರೆಯ ಗೊರಸು ನೋಡಿಸು.

ಎ. ಹಾಲ್‌ಕಂಬ್

*

ಬಕ್‌ನರ್ ಕಡವು
ಫೆಬ್ರವರಿ 21

ವಿನಯಸಾಗರ ದೊಡ್ಡಪ್ಪನಿಗೆ,

‘ಹೋದೆವು, ಬಂದೆವು’ ಎಂಬ ತಮ್ಮ ವರದಿಯನ್ನು ಇಲ್ಲಿನ ಮುದ್ರಕರಿಗೆ ತೋರಿಸಿದೆ. “ಇಷ್ಟಕ್ಕೆ ಓಟು ಹಾಕೋರು ನಿಮ್ಮ ಕುದುರೆ, ನಿಮ್ಮ ದೊಡ್ಡಮ್ಮ. ಇಬ್ರಿಗೂ ಓಟಿಲ್ಲ” ಅಂದರು.

ನೀವು ಯಾಕೆ ಬಾಯಿ ಬಿಡುವುದಿಲ್ಲವೆಂದು ನನಗೆ ಗೊತ್ತು. ಒಳ್ಳೆಯ ಕೆಲಸ ಮಾಡಿದವರು ಹೇಳಿಕೊಳ್ಳುವುದಿಲ್ಲ. ಸೇತುವೆ ಬಿದ್ದದ್ದನ್ನು ಬರೆ ಎನ್ನುವವರು ತಾವು. ಆದ್ದರಿಂದ ನಿಮ್ಮ ಸ್ವಭಾವ ನೋಡಿ ನಾನೇ ಊಹಿಸಿ ಹತ್ತೊಂಬತ್ತನೇ ಪುಟವನ್ನು ತುಂಬಿಸಿದ್ದೇನೆ:

‘ಊರು ಬರಿದಾಗಿತ್ತು. ಹೊಲದಲ್ಲಿ ಜೋಳ ಮಾಗಿ ನಿಂತಿತ್ತು. ಸೈನಿಕರು ಪಂಜು ಹಚ್ಚಿದರು. ಆಗ ಯುವ ಕ್ಯಾಪ್ಟನ್ ಕುದುರೆಯನ್ನು ಅಡ್ಡ ನಿಲ್ಲಿಸಿ, ಟೋಪಿಯನ್ನು ಎತ್ತಿ ನುಡಿದನು: ಮಹನೀಯರೇ, ನಾನು ಗಂಡಸರ ಮೇಲೆ ಯುದ್ಧಕ್ಕೆ ಬಂದವನು. ಕಾಳಿನ ಮೇಲೆ ಯುದ್ಧ ಹೂಡಲು ನಾನು ಇಲಿಯಲ್ಲ. ಪಂಜುಗಳು ಒಂದೊಂದಾಗಿ ಆರಿದವು. ಒಂದು ತೆನೆಯೂ ಸುಡಲಿಲ್ಲ.’

ಇದನ್ನು ಓದಿ ಮುದ್ರಕರು ಮೂಗು ಒರೆಸಿಕೊಂಡರು. ಮಸಿ ಮೆತ್ತಿಕೊಂಡಿತು.

ಆಗಸ್ಟಿಗೆ ನೀವು ಸೊಂಟ ಗಟ್ಟಿ ಮಾಡಿಕೊಂಡಿರಿ. ಮೂರು ದಿನ ಕೋರ್ಟಿನ ಬೆಂಚಿನ ಮೇಲೆ ಮಪಿನ್ ಪಕ್ಕ ಕೂತಿರಬೇಕು. ಬಂದವನು ಎಲ್ಲರೆದುರು ಹೆಸರು ಕೂಗಿ ಓಟು ಕೊಡುತ್ತಾನೆ. ಕೂಗಿಸಿಕೊಂಡವನು ಎದ್ದು, ಬಾಗಿ, ಉಪಕಾರವಾಯಿತು ಎನ್ನಬೇಕು. ಹೋದ ಸಲ ನಿಮಗೆ ಸೀನು ಬಂದು ಮಿಲ್ಲಿನ ಹ್ಯೂಗೆ ಹೇಳುವುದು ತಪ್ಪಿಹೋಯಿತು. ಅವನು ಇವತ್ತಿಗೂ ನಮ್ಮ ಹಿಟ್ಟು ಬೀಸಿಕೊಡುವುದಿಲ್ಲ.

ಅಚ್ಚಿನ ಕೆಲಸ ಬರುವ ವಾರ ಶುರು. ಆಕ್ಷೇಪಣೆ ಇದ್ದರೆ ತಿಳಿಸಬಹುದು. ತಲುಪುವ ಹೊತ್ತಿಗೆ ಪುಸ್ತಕ ಹೊಲಿದಿರುತ್ತದೆ.

ಲೆಮ್

*

ವಾಷಿಂಗ್ಟನ್
ಮಾರ್ಚ್ 7

ಲೆಮ್,

ಹತ್ತೊಂಬತ್ತನೇ ಪುಟ ತೆಗೆ. ಉಳಿದದ್ದು ನಿನ್ನಿಷ್ಟ.

ಸಭೆ ಮುಗಿಯಿತು. ಕಾಲು ತೋರಿಸಲು ಫಿಲಡೆಲ್ಫಿಯಾಕ್ಕೆ ಹೋಗುತ್ತೇನೆ. ಅಲ್ಲಿಗೆ ಬರೆ.

ಎ. ಹಾಲ್‌ಕಂಬ್

*

ಬಕ್‌ನರ್ ಕಡವು
ಮಾರ್ಚ್ 22

ಪ್ರೀತಿಯ ದೊಡ್ಡಪ್ಪನಿಗೆ,

ನಿಮ್ಮ ಅಪ್ಪಣೆ ಬಂದ ದಿನ ಹತ್ತೊಂಬತ್ತನೇ ಪುಟ ಇಲ್ಲಿರಲಿಲ್ಲ. ಅದು ಮುನ್ನೂರು ಊರುಗಳಿಗೆ ಪ್ರವಾಸ ಹೊರಟಿತ್ತು.

ತಪ್ಪೊಪ್ಪಿಗೆ: ಖಾನೆಯಲ್ಲಿದ್ದ ಲಕೋಟೆಗಳನ್ನೆಲ್ಲ ಬಳಸಿದೆ. ಸಭೆ ಮುಗಿದು ಅರವತ್ತು ದಿನದ ಮೇಲೆ ನಿಮ್ಮ ಸಹಿಗೆ ಅಂಚೆಯಲ್ಲಿ ಬೆಲೆಯಿಲ್ಲ. ವ್ಯರ್ಥವಾಗುವುದನ್ನು ನೋಡಲಾರದೆ ಹೋದೆ. ಪ್ರತಿ ಪುಸ್ತಕವೂ ನಿಮ್ಮ ಕೈಬರಹದ ಸಹಿ ಹೊತ್ತು ಹೋಗಿದೆ. ಜನ ಲಕೋಟೆಯನ್ನು ಗೋಡೆಗೆ ಅಂಟಿಸಿಕೊಂಡಿದ್ದಾರಂತೆ. ‘ನಾನು ಇಲಿಯಲ್ಲ’ ಎನ್ನುವುದು ಹೆಂಡದಂಗಡಿಯಲ್ಲಿ ಈಗ ಎಲ್ಲರ ಬಾಯಲ್ಲೂ ಇದೆ. ಮಪಿನ್ ಮೊನ್ನೆ ಸಂತೆಯಲ್ಲಿ ಕರಡಿಯ ಕತೆ ಎತ್ತಿದನಂತೆ. ಯಾರೋ “ಆ ಹನ್ನೊಂದನೇದು ಇಲಿ ಇರ್ಬೇಕು ಕರ್ನಲ್ಲೇ” ಅಂದರಂತೆ.

ಗೆದ್ದೆವು ದೊಡ್ಡಪ್ಪ. ನೀವು ಬೈದರೂ ಗೆದ್ದೆವು.

ಲೆಮ್

*

ಫಿಲಡೆಲ್ಫಿಯಾ
ಏಪ್ರಿಲ್ 10

ಲೆಮ್,

ನನ್ನ ಸಹಿಯ ಲಕೋಟೆಗಳು ಯಾರ ಯಾರಿಗೆ ಹೋದವು, ಪಟ್ಟಿ ಕಳಿಸು. ನದಿಯಾಚೆಗೆ ಹೋದವು ಇದ್ದರೆ ಬೇರೆಯಾಗಿ ಬರೆ.

ಎ. ಹಾಲ್‌ಕಂಬ್

*

ಬಕ್‌ನರ್ ಕಡವು
ಮೇ 3

ದೊಡ್ಡಪ್ಪನಿಗೆ,

ಪಟ್ಟಿ ಇದರೊಂದಿಗಿದೆ. ನದಿಯಾಚೆಗೆ ಹೋದವು ಆರು. ಐದು ಅಂಚೆ ಮಾಸ್ತರರಿಗೆ. ಒಂದು, ಶಾವ್ನೀ ಊರಿನಲ್ಲಿ ಶಾಲೆ ನಡೆಸುವ ಕ್ವೇಕರ್ ಮೇಷ್ಟ್ರು ಎನೋಸ್ ಗ್ಯಾರಿಕ್ ಅವರಿಗೆ. ಯುದ್ಧ ಬೇಡವೆನ್ನುವ ಪಂಥದವರಾದ್ದರಿಂದ ಸಂತೋಷಪಟ್ಟಾರೆಂದು ಕಳಿಸಿದ್ದೆ.

ಕುದುರೆಯ ಗೊರಸು ಗುಣವಾಗಿದೆ. ತೋಟದಲ್ಲಿ ಬಟಾಣಿ ಹೂ ಬಿಟ್ಟಿದೆ. ಮೇಷ್ಟ್ರು ಹೋದ ವಾರ ಈ ಕಡೆ ಬಂದಿದ್ದರು, ಜೊತೆಗೆ ಒಬ್ಬರು ವಯಸ್ಸಾದವರು. ಪುಸ್ತಕದ ವಿಚಾರ ಒಂದೆರಡು ಮಾತಾಡಿ ಹೋದರು. ಮತ್ತೇನೂ ವಿಶೇಷವಿಲ್ಲ.

ಲೆಮ್

[ಕೆಳಗೆ ದೊಡ್ಡಮ್ಮನ ಕೈಬರಹದಲ್ಲಿ]
ಹುಡುಗ ಎಂಟು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ, ಯಾರನ್ನೂ ಗೋಳು ಹುಯ್ದುಕೊಂಡಿಲ್ಲ. ನಿಮ್ಮ ಹತ್ತಿರ ಮುಚ್ಚಿಡುತ್ತಿದ್ದಾನೆ. ಅದನ್ನು ಕಲಿತದ್ದು ನಿಮ್ಮಿಂದಲೇ. – ಕೆಟೂರಾ

*

ಫಿಲಡೆಲ್ಫಿಯಾ
ಮೇ 17

ಲೆಮ್,

ಬಂದವರು ಯಾರು, ಏನಂದರು? ಅವರು ಆಡಿದ ಹಾಗೇ ಬರೆ. ಅಲಂಕಾರ ಬೇಡ.

ನಿನ್ನ ದೊಡ್ಡಪ್ಪ

*

ಬಕ್‌ನರ್ ಕಡವು
ಜೂನ್ 1

ದೊಡ್ಡಪ್ಪನಿಗೆ,

ಬಂದವಳು ಶಾವ್ನೀ ಮುದುಕಿ. ಎಪ್ಪತ್ತು ದಾಟಿರಬೇಕು. ನಮ್ಮವರು ಪಾಲಿ ಎನ್ನುತ್ತಾರಂತೆ. ತನ್ನ ಹೆಸರನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೇಷ್ಟ್ರು ಎರಡೂ ಕಡೆಯ ಮಾತನ್ನು ತಿರುಗಿಸಿ ಹೇಳುತ್ತಿದ್ದರು. ಎಲ್ಲರನ್ನೂ ನೀನು ಎಂದೇ ಕರೆಯುವವರು, ಅವರ ಪಂಥವೇ ಹಾಗೆ.

ನಾನು ಗತ್ತಿನಿಂದ ಬಾಗಿ, ಚರಿತ್ರಕಾರ ನಾನೇ ಎಂದೆ. ಅವಳು ಮೇಲಿಂದ ಕೆಳಗೆ ನೋಡಿ ಏನೋ ಅಂದಳು. ಮೇಷ್ಟ್ರಿಗೆ ನಗು ಬಂತು.

“ನಿಂಗೆ ಮೀಸೆ ಬರೋ ಮುಂಚೆನೇ ನಲವತ್ತು ವರ್ಷದ ನೆನಪು ಹೇಗೆ ಬಂತು ಅಂತ ಕೇಳ್ತಿದಾಳೆ.”

ಪುಸ್ತಕವನ್ನು ಮೇಜಿನ ಮೇಲಿಟ್ಟು ಹತ್ತೊಂಬತ್ತನೇ ಪುಟ ಓದಿಸಿದಳು. ಇಲಿಯ ಮಾತು ಬಂದಾಗ ನಕ್ಕಳು.

“ಮಾತು ಚೆನ್ನಾಗಿದೆ ಅಂತಾಳೆ” ಅಂದರು ಮೇಷ್ಟ್ರು. ನಾನು, ದೇವರಾಣೆ, ಉಬ್ಬಿದೆ.

ಆಮೇಲೆ ಅವಳು ನಿಧಾನವಾಗಿ ಹೇಳಿದಳು. ಅವರಲ್ಲಿ ಹೊಲ ಹೆಂಗಸರದು. “ಹೊಳೆಯಿಂದ ಬಿಳೀ ಮರದವರೆಗೆ ನಂದು. ಅದರಾಚೆ ನನ್ನ ತಂಗೀದು. ಒಂದು ತೆನೆಯೂ ಸುಡಲಿಲ್ಲ ಅಂತ ಬರ್ದಿದೀಯ. ಹಾಗಾದ್ರೆ ಆ ಚಳಿಗಾಲ ನನ್ನಿಬ್ಬರು ಮಕ್ಕಳು ಯಾತರಿಂದ ಸತ್ರು? ಓದಿದೋನು ನೀನು, ಹೇಳು.”

“ಅಜ್ಜೀ, ಅದು ಎಲೆಕ್ಷನ್ ಪುಸ್ತಕ” ಅಂದೆ.

ಮೇಷ್ಟ್ರು ನನ್ನನ್ನೇ ನೋಡಿದರು. “ಇದನ್ನ ಅವಳ ಮಾತಲ್ಲಿ ಹೇಗಪ್ಪಾ ಹೇಳ್ಲಿ? ನೀನೇ ಹೇಳಿಕೊಡು.”

ನಾನು ಪುಸ್ತಕ ಮುಚ್ಚಿದೆ.

ಅವಳು ಲಕೋಟೆ ತೆಗೆದು ನಿಮ್ಮ ಸಹಿಯ ಮೇಲೆ ಬೆರಳಿಟ್ಟಳು. “ಸರ್ಕಾರದವರು ಈ ಬೇಸಿಗೆ ಬರ್ತಾರೆ. ನಮ್ಮನ್ನ ಪಶ್ಚಿಮದ ದೊಡ್ಡ ನದಿ ಆಚೆಗೆ ಕಳಿಸ್ತಾರೆ. ನಾವು ಹೋದ್ಮೇಲೆ ಆ ಹೊಲದ ಮಾತಾಡೋಕೆ ಇಲ್ಲಿ ಯಾರೂ ಇರಲ್ಲ, ಈ ಪುಸ್ತಕ ಒಂದೇ ಇರುತ್ತೆ. ಇದೇ ಕೈಯಿಂದ ಇನ್ನೊಂದು ಕಾಗದ ಬೇಕು. ಸುಟ್ಟೆ ಅಂತ. ನಾವಿನ್ನೂ ಇಲ್ಲಿರುವಾಗಲೇ ಬೇಕು.”

ದೊಡ್ಡಮ್ಮ ಮಜ್ಜಿಗೆಯನ್ನೂ ಜೋಳದ ರೊಟ್ಟಿಯನ್ನೂ ತಂದಿಟ್ಟರು. ಮುದುಕಿ ಒಂದು ತುತ್ತು ತಿಂದು ಏನೋ ಅಂದಳು. “ಉಪ್ಪು ಜಾಸ್ತಿ ಅಂತಾಳೆ.” ದೊಡ್ಡಮ್ಮ, “ಹೌದು, ಇವತ್ತು ಜಾಸ್ತಿನೇ ಆಗಿದೆ” ಎಂದು ಅವಳ ಎದುರಿಗೇ ಕೂತುಬಿಟ್ಟರು. 

ಇನ್ನು ನನ್ನ ಮಾತು. ಅಂಥ ಕಾಗದ ಹೊರಬಿದ್ದರೆ ಆಗಸ್ಟಿನಲ್ಲಿ ಮಪಿನ್ ಗೆಲ್ಲುತ್ತಾನೆ. ಸುಳ್ಳುಗಾರನೆಂದು ನಿಮ್ಮನ್ನು ಆಡಿಕೊಳ್ಳುತ್ತಾರೆ, ಸುಳ್ಳು ನನ್ನದಾದರೂ. ಅವಳು ಬೇರೆ ಯಾವುದೋ ಊರನ್ನು, ಬೇರೆ ಯಾರನ್ನೋ ನೆನೆಸಿಕೊಂಡಿರಬಹುದು. ವಯಸ್ಸಾಗಿದೆ. ಹಾಗೆ ಎಂದು ಒಂದೇ ಒಂದು ಸಾಲು ಬರೆಯಿರಿ ದೊಡ್ಡಪ್ಪ, ನಾನು ನಂಬುತ್ತೇನೆ.

ಲೆಮ್

*

ಫಿಲಡೆಲ್ಫಿಯಾ
ಜೂನ್ 15

ಮಗು ಲೆಮ್,

ಅವಳು ಹೇಳಿದ್ದು ನಿಜ.

ನಮ್ಮ ಕಡೆ ಕ್ಯಾಪ್ಟನ್‌ನನ್ನು ಸೈನಿಕರೇ ಕೈಯೆತ್ತಿ ಆರಿಸುತ್ತಾರೆ. ನನ್ನನ್ನು ಆರಿಸಿದ್ದು ನನಗೆ ಹಾಡು ಬರುತ್ತಿತ್ತು, ಅದಕ್ಕೆ. ಹನ್ನೆರಡು ದಿನ ನಡೆದು ಆ ಊರಿಗೆ ಹೋದರೆ ಗಂಡಸರಿರಲಿಲ್ಲ. ಹೆಂಗಸರೂ ಮಕ್ಕಳೂ ಕಾಡಿಗೆ ಓಡಿದ್ದರು. ಒಲೆಯ ಮೇಲೆ ಏನೋ ಬೇಯುತ್ತಿತ್ತು. ಯುದ್ಧವೇ ಆಗಲಿಲ್ಲ. ಜೋಳ ಮಾತ್ರ ನಿಂತಿತ್ತು, ಕುದುರೆ ಮೇಲೆ ಕೂತವನಿಗಿಂತ ಎತ್ತರ. ಹುಡುಗರು ನನ್ನ ಮುಖ ನೋಡಿದರು. ಬರಿಗೈಯಲ್ಲಿ ವಾಪಸು ಕರೆದುಕೊಂಡು ಹೋದರೆ ಇನ್ನೊಮ್ಮೆ ಇವರು ನನಗೆ ಕೈಯೆತ್ತುವುದಿಲ್ಲ ಎಂದು ನನಗೆ ತಿಳಿಯಿತು. ಸುಡಿ ಅಂದೆ. ಮೂರು ದಿನ ಉರಿಯಿತು. ಅಂಚಿನಲ್ಲಿ ಹುರಿದು ಬಿದ್ದ ತೆನೆಗಳನ್ನು ಆರಿಸಿ ತಿಂದೆವು. ಹಾಡು ಎಂದರು, ಹಾಡಿದೆ.

ಅಲ್ಲಿಂದ ಮೇಜರ್ ಆದೆ, ಜನರಲ್ ಆದೆ, ಕಾಂಗ್ರೆಸ್ ಸಭೆಗೆ ಬಂದೆ. ಹೋದ ವರ್ಷ ಅವರನ್ನೆಲ್ಲ ಪಶ್ಚಿಮಕ್ಕೆ ಕಳಿಸುವ ಮಸೂದೆ ಬಂದಾಗ ಹೌದು ಎಂದವರಲ್ಲಿ ನಾನೂ ಒಬ್ಬ. ಹೆಸರು ಕರೆದಾಗ ಆ ಹೊಲ ನೆನಪಿಗೆ ಬಂತು. ಅದಕ್ಕೇ ಬೇಗ ಹೇಳಿ ಕೂತುಬಿಟ್ಟೆ. ಅದನ್ನು ನಾನು ಈಗ ಹಿಂದಕ್ಕೆ ತರಲಾರೆ.

ನಿನ್ನ ಹತ್ತೊಂಬತ್ತನೇ ಪುಟವನ್ನು ವಾಷಿಂಗ್ಟನ್ನಿನಲ್ಲಿ ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಮೂರನೆಯ ಸಲ ಅದು ಇಷ್ಟವಾಯಿತು. ಅದಕ್ಕೆ ಹೆದರಿ ತೆಗೆ ಎಂದು ಬರೆದೆ. ಕಾರಣವನ್ನು ನಾನು ಜನವರಿಯಲ್ಲೇ ಬರೆಯಬೇಕಿತ್ತು. ನೀನು ಖಾಲಿ ಜಾಗ ನೋಡಿ ತುಂಬಿಸಿದೆ. ಖಾಲಿ ಬಿಟ್ಟವನು ನಾನು.

ಸುಳ್ಳು ನಿನ್ನದು ಎನ್ನುತ್ತೀಯ. ಲಕೋಟೆಯ ಮೇಲಿರುವುದು ನನ್ನ ಸಹಿ. ಅವಳು ಬೆರಳಿಟ್ಟಿದ್ದು ಅದರ ಮೇಲೆ.

ಜುಲೈ ಮೊದಲಿಗೆ ಮನೆಗೆ ಬರುತ್ತೇನೆ. ಹೊಸ ಕಾಗದ ನಾನೇ ಬರೆಯುತ್ತೇನೆ, ನೀನು ಅಚ್ಚು ಹಾಕಿಸು. ಒಂದನ್ನು ಅವಳ ಕೈಗೆ ಕೊಟ್ಟು ಬಾ. ನಾನೇ ಹೋಗಬೇಕು, ಕಾಲು ಕುದುರೆ ಹತ್ತಲು ಬಿಡುವುದಿಲ್ಲ. ಅದೂ ಪೂರ್ತಿ ನಿಜವಲ್ಲ. ನನಗೆ ಧೈರ್ಯವಿಲ್ಲ.

ನಿನ್ನ ದೊಡ್ಡಪ್ಪ

*

ಬಕ್‌ನರ್ ಕಡವು
ಆಗಸ್ಟ್ 4
(ಎನೋಸ್ ಗ್ಯಾರಿಕ್ ಅವರ ಶಾಲೆಯ ಮೂಲಕ)

ಲೆಮ್,

ಅಚ್ಚಾದ ಕಾಗದ ಹಿಡಿದು ನೀನು ಶಾವ್ನೀ ಊರಿಗೆ ಹೊರಟು ಹದಿನೈದು ದಿನವಾಯಿತು. ತಲುಪಿರಬಹುದು. ನಿನ್ನ ಹಾಗೆ ಬರೆಯಲು ನನಗೆ ಬರುವುದಿಲ್ಲ, ಆದರೂ ಚುನಾವಣೆಯ ವಿಷಯ ಬೇರೆ ಯಾರಿಂದಲೋ ನಿನಗೆ ತಿಳಿಯಬಾರದು.

ಸೋತೆ. ಎಂಬತ್ತೆರಡು ಓಟಿನಿಂದ.

ಸೋಮವಾರ ಬೆಳಗ್ಗೆ, ಶೆರಿಫ್ ಓಟಿನ ಪುಸ್ತಕ ತೆರೆಯುವ ಮೊದಲು, ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಕಾಗದವನ್ನು ಓದಿದೆ. ಕಲ್ಲು ಬೀಳುತ್ತವೆ ಎಂದುಕೊಂಡಿದ್ದೆ. ಒಬ್ಬನೂ ಮುಖ ಸಿಂಡರಿಸಲಿಲ್ಲ. ಮಿಲ್ಲಿನ ಹ್ಯೂ ಬಂದು ಹೆಗಲ ಮೇಲೆ ಕೈ ಹಾಕಿದ. “ಸುಟ್ರಿ ಅಂತ ನಮಗೇನು ಬೇಜಾರಿಲ್ಲ ಜನರಲ್ಲೇ. ಸುಟ್ಟಿಲ್ಲ ಅಂದ್ರಿ, ಅದಕ್ಕೂ ಬೇಜಾರಿಲ್ಲ. ಈಗ ಈ ಸಾವಿನ ಮನೆ ಮುಖ ಯಾಕೆ?”

ಇದು ನಾನು ಊಹಿಸಿರಲಿಲ್ಲ. ಮಧ್ಯಾಹ್ನದವರೆಗೆ ನಾನೇ ಮುಂದಿದ್ದೆ. ಬಂದವರು ಹೆಸರು ಕೂಗುತ್ತಿದ್ದರು, ನಾನು ಎದ್ದು ಬಾಗುತ್ತಿದ್ದೆ. ಆಮೇಲೆ ಡೋವರ್ ಕಣಿವೆಯ ಒಬ್ಬ, ಹೊಸಬ, ಬಂದು ಗಟ್ಟಿಯಾಗಿ ಕೂಗಿದ: “ಹಾಲ್‌ಕಂಬ್‌ಗೆ! ಜೋಳ ಸುಟ್ಟಿದ್ದಕ್ಕೆ!” ಎಲ್ಲರೂ ನಕ್ಕರು. ಅವನು ನನ್ನ ಧನ್ಯವಾದಕ್ಕಾಗಿ ನಿಂತ.

ನಾನು ಏಳಲಿಲ್ಲ.

ಶೆರಿಫ್ ಮೆಲ್ಲಗೆ, “ಸೀನು ಬಂತಾ ಜನರಲ್?” ಅಂದ. ಇಲ್ಲ ಎಂದೆ. “ಹಂಗಾದ್ರೆ ಒಂದ್ಮಾತು ಹೇಳ್ಬಿಡಿ, ಅವನು ಕಾಯ್ತಿದಾನೆ.” ಆ ಓಟಿಗೆ ನಾನು ಉಪಕಾರ ಹೇಳಲಾರೆ ಎಂದೆ. ಎಲ್ಲರಿಗೂ ಕೇಳಿಸಿತು. ಅವನ ಹಿಂದೆ ಕಣಿವೆಯವರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೇ ಬಂದು, ನನ್ನ ಕಣ್ಣು ನೋಡಿ, ಮಪಿನ್ ಹೆಸರು ಕೂಗಿ ಹೋದರು. ಮೂರು ದಿನವೂ ಹಾಗೇ ಆಯಿತು. ಸುಟ್ಟದ್ದನ್ನೂ ಸುಳ್ಳನ್ನೂ ಹೊಟ್ಟೆಗೆ ಹಾಕಿಕೊಂಡವರಿಗೆ ಬಾಗದೆ ಕೂತದ್ದು ಜೀರ್ಣವಾಗಲಿಲ್ಲ.

ಎದುರಾಳಿಗಳು ಒಬ್ಬರಿಗೊಬ್ಬರು ಓಟು ಕೊಡುವ ಪದ್ಧತಿಯನ್ನು ಮಪಿನ್ ತಪ್ಪಿಸಲಿಲ್ಲ. ಎದ್ದು ನನ್ನ ಹೆಸರು ಕೂಗಿದ. ಅವನಿಗೆ ಮಾತ್ರ ಸೊಂಟ ಮುರಿಯುವಷ್ಟು ಬಾಗಿದೆ. “ಕರಡಿ ನಿಜವಾಗ್ಲೂ ಎರಡೇ ಎಫ್ರೇಮ್” ಅಂದ, ಕಿವಿಯಲ್ಲಿ. ನಿನ್ನ ಬಳಿ ಹೇಳಬಾರದೆಂದು ಮಾತು ತೆಗೆದುಕೊಂಡಿದ್ದಾನೆ. ಹೇಳಿದೆ.

ನಿನ್ನ ದೊಡ್ಡಮ್ಮ ಸೋತ ಸುದ್ದಿ ಕೇಳಿ, “ಸರಿ, ಬಿದ್ದ ಸೇತುವೆ ರಿಪೇರಿಗೆ ಇನ್ನು ಪುರುಸೊತ್ತಾಯ್ತಲ್ಲ” ಅಂದಳು.

ಆ ಮುದುಕಿ ಕಾಗದ ನೋಡಿ ಏನಂದಳು, ತಿಳಿಸು.

ನಿನ್ನ ದೊಡ್ಡಪ್ಪ

*

ಶಾವ್ನೀ ಊರು, ಒಹಾಯೊ
ಆಗಸ್ಟ್ 19

ದೊಡ್ಡಪ್ಪನಿಗೆ,

ನಿಮ್ಮ ಕಾಗದ ಇವತ್ತು ಸಿಕ್ಕಿತು. ನಾನಿದ್ದಿದ್ದರೆ ಎಂಬತ್ತೊಂದಾಗುತ್ತಿತ್ತು.

ಸರ್ಕಾರದವರು ಬಂದು ಹೋಗಿದ್ದಾರೆ. ಇಲ್ಲಿಯ ಜನ ಹೊರಡುವುದು ಖಚಿತವಾಗಿದೆ. ಯಾವಾಗ ಎಂದು ಮಾತ್ರ ಹೇಳಿಲ್ಲ. ಹೊಲಗಳಲ್ಲಿ ಈ ವರ್ಷದ ಜೋಳ ನಿಂತಿದೆ. ಕಟಾವಿನವರೆಗೆ ಬಿಡುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹೆಂಗಸರು ಕಳೆ ಕೀಳುವುದನ್ನು ನಿಲ್ಲಿಸಿಲ್ಲ.

ಪಾಲಿ ಹೊಲದಲ್ಲೇ ಸಿಕ್ಕಳು. ಮೇಷ್ಟ್ರು ಕಾಗದವನ್ನು ಪೂರ್ತಿ ಓದಿ ಹೇಳಿದರು. ಅವಳು ಕುಡುಗೋಲನ್ನು ಕೆಳಗಿಟ್ಟು ಕೇಳಿದಳು. ಸಹಿಯನ್ನು ತನ್ನ ಹತ್ತಿರವಿದ್ದ ಹಳೆಯ ಲಕೋಟೆಯ ಪಕ್ಕ ಹಿಡಿದು ಎರಡನ್ನೂ ನೋಡಿದಳು. ಕ್ಷಮಿಸಿದೆ ಎನ್ನಲಿಲ್ಲ. ನಾನು ಕಾದಿದ್ದೆ ಎನ್ನುವುದು ಅವಳಿಗೆ ಗೊತ್ತಾಗಿರಬೇಕು.

“ಒಂದು ತಪ್ಪಿದೆ” ಅಂದಳು.

“ಎಲ್ಲಿ?”

“ಮೂರು ದಿನ ಅಂತ ಬರ್ದಿದಾನೆ. ಐದು ದಿನ ಉರೀತು. ನಾವು ದಿಬ್ಬದ ಮೇಲಿಂದ ನೋಡ್ತಾ ಕೂತಿದ್ವಿ.”

ಅವಳ ಕಾಗದದಲ್ಲಿ ಮೂರನ್ನು ಹೊಡೆದುಹಾಕಿ ಐದು ಎಂದು ಬರೆದು ಕೊಟ್ಟೆ. ಆದರೆ ನಮ್ಮೂರಲ್ಲಿರುವ ಉಳಿದ ಕಾಗದಗಳಲ್ಲಿ ಮೂರು ಎಂದೇ ಇದೆ. ನನ್ನ ಊಹೆಯಿಂದ ಇನ್ನು ಒಂದಕ್ಷರವನ್ನೂ ತಿದ್ದುವುದಿಲ್ಲ. ಏನು ಮಾಡಲಿ?

ಲೆಮ್

*

ಬಕ್‌ನರ್ ಕಡವು
ಸೆಪ್ಟೆಂಬರ್ 2

ಲೆಮ್,

ಮೂರನೇ ದಿನ ನಾವು ಅಲ್ಲಿಂದ ಹೊರಟೆವು. ಆಮೇಲೆ ಉರಿದದ್ದನ್ನು ನೋಡಿದವರು ಅವರು. ಐದು ಎಂದು ಹಾಕಿ ಮತ್ತೆ ಅಚ್ಚು ಮಾಡಿಸು.

ನಿನ್ನ ದೊಡ್ಡಪ್ಪ